ಓನರಮ್ಮ ಎತ್ತಿಕೊಟ್ಟ ಧಾಟಿ

ಅವರ ಕತ್ತಿನ ಮುಂಭಾಗದಲ್ಲಿ, ಸರ ಕೂರುವ ಜಾಗದಲ್ಲಿ, ಅಡ್ಡಲಾಗಿ ಒಂದು ಹೊಲಿಗೆಯ ಗುರುತಿತ್ತು. ಥೈರಾಯ್ಡ್ ಗಡ್ಡೆ ತೆಗೆದ ಗುರುತು. ಗಡ್ಡೆಯ ಜೊತೆ ದನಿಯೂ ಹೋಗಿ ಬರೀ ಪಿಸುಮಾತು ಉಳಿದಿತ್ತು. ಹಾಗಾಗಿ ಅವರು ಏನು ಹೇಳಿದರೂ ಗುಟ್ಟು ಹೇಳಿದಂತೆ ಕೇಳುತ್ತಿತ್ತು. “ಇವತ್ತು ಟ್ಯಾಂಕರ್ ಬರಲ್ವಂತೆ” ಎಂದು ಕಿವಿಯ ಹತ್ತಿರ ಬಂದು ಹೇಳಿದಾಗ, ಯಾರೋ ಎಲ್ಲೋ ಸಂಚು ಮಾಡಿಯೇ ಟ್ಯಾಂಕರ್ ತಡೆದಿದ್ದಾರೆ ಅನ್ನಿಸುತ್ತಿತ್ತು. ಅವರಿಗೂ ಹಾಗೇ ಅನ್ನಿಸುತ್ತಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಹೆಬ್ಬಗೋಡಿಯಲ್ಲಿ ನಾನು ಬಾಡಿಗೆಗಿದ್ದ ಮನೆ ಅವರದು. ಕಟ್ಟಡದವರೆಲ್ಲ ಕರೆಯುತ್ತಿದ್ದಂತೆ ನನಗೂ ಅವರು ಓನರಮ್ಮ. ಗಂಡನ ಮನೆಯವರು ರಾಗಿ, ಹುರುಳಿ ಬೆಳೆಯುತ್ತಿದ್ದ ಜಾಗದ ಮೇಲೇ ಆ ಕಟ್ಟಡ ಎದ್ದಿತ್ತು. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಕೆಳಮನೆಯಲ್ಲಿ ಒಬ್ಬರೇ ಇದ್ದರು. ಮೇಲಿನ ಮನೆಗಳಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು, ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು, ಮತ್ತು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವ ನಾನು. ನನ್ನನ್ನು ಅವರು ‘ಪೇಪರ್ ಮೇಡಂ’ ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಗುಮಾನಿ ಎಷ್ಟು ಎಂದು ಹೇಳುವುದು ಕಷ್ಟ.

ಟ್ಯಾಂಕರ್‌ನವನು ನೀರು ಬಿಟ್ಟ ಮೇಲೆ ನೆಲದಡಿಯ ಸಂಪ್‌ಗೆ ಕೋಲು ಇಳಿಸಿ, ಎಲ್ಲಿವರೆಗೆ ಒದ್ದೆಯಾಗಿದೆ ಎಂದು ನೋಡದೆ ಅವನನ್ನು ಬಿಡುತ್ತಿರಲಿಲ್ಲ. ನಮಗೆ ಬಂದ ಪಾರ್ಸೆಲ್ಲುಗಳನ್ನು ಅಲ್ಲಾಡಿಸಿ ನೋಡಿಯೇ ಕೊಡುತ್ತಿದ್ದರು. ಯಾರ ಮನೆಗೆ ನೆಂಟರು ಬಂದರೂ ಮೊದಲ ಪ್ರಶ್ನೆ, “ಯಾವಾಗ ಓಯ್ತಾರೆ?” ಒಬ್ಬರ ಮಾತನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳದೆ ನಂಬಬಾರದು ಎಂಬುದು ನಮ್ಮ ಡೆಸ್ಕಿನ ನಿಯಮ. ಖಚಿತವಾದ ಮೇಲೂ ನಂಬಬಾರದು ಎಂಬುದು ಓನರಮ್ಮನದು.

ನಾನು ಹೋದ ಹೊಸದರಲ್ಲೇ ಕೆಳಮನೆಯಿಂದ ಬರುತ್ತಿದ್ದ ಒಂದು ಸದ್ದಿನ ಬಗ್ಗೆ ಕಟ್ಟಡದಲ್ಲಿ ಮಾತಿತ್ತು. ಸಂಜೆ ಹೊತ್ತು ಪಿಂ ಪಿಂ ಎಂದು ಸಣ್ಣಗೆ ಶುರುವಾಗಿ, ನಿಂತು, ಮತ್ತೆ ಅದೇ ಬರುತ್ತಿತ್ತು. ಪಕ್ಕದ ಮನೆಯಾಕೆಗೆ ಅನುಮಾನವೇ ಇರಲಿಲ್ಲ. “ಕ್ಯಾಮೆರಾ ಹಾಕ್ಸವ್ರೆ ಕಣ್ರೀ. ನಾವು ಮೆಟ್ಲು ಹತ್ತಿದ್ರೆ ಕೆಳಗೆ ಅಲಾರಂ ಹೊಡ್ಕೊಳುತ್ತೆ.” ನಾನು ಬೇಕೆಂದೇ ಕೆಲವು ಸಲ ಮೆಟ್ಟಿಲು ಹತ್ತಿಳಿದು ನೋಡಿದೆ. ಸದ್ದಿಗೂ ಮೆಟ್ಟಿಲಿಗೂ ಸಂಬಂಧವಿರಲಿಲ್ಲ. ಕೊನೆಗೆ ನೇರವಾಗಿ ಹೋಗಿ ಬಾಗಿಲು ತಟ್ಟಿದೆ.

ಅವರು ಬಾಗಿಲು ಅರ್ಧ ತೆರೆದರು. ಕೈಯಲ್ಲಿ ಸಣ್ಣದೊಂದು ವಿಡಿಯೋ ಗೇಮ್ ಇತ್ತು. ಎರಡು ಕೈಯಲ್ಲಿ ಹಿಡಿದು ಹೆಬ್ಬೆರಳಲ್ಲಿ ಗುಂಡಿ ಒತ್ತುವಂಥದ್ದು.

“ಯಾರು ಕಂಪ್ಲೇಂಟ್ ಮಾಡಿದ್ದು?” ಅಂದರು.

“ಯಾರೂ ಇಲ್ಲ. ಏನದು ಅಂತ ಕೇಳೋಣ ಅಂತ ಬಂದೆ.”

“ಪೇಪರ್‌ಗೆ ಆಕ್ತೀಯಾ?”

“ಇಲ್ಲ.”

“ಅಂಗಾದ್ರೆ ಬಾ.”

ಆ ಗೇಮ್ ಹುಬ್ಬಳ್ಳಿ ಕಡೆಯ ಒಬ್ಬ ಯುವಕನದು. ಗೇಮ್ ತಯಾರಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದ, ನಾನು ಬರುವ ಮೊದಲು ಅದೇ ಕಟ್ಟಡದಲ್ಲಿದ್ದ. ಮೆಟ್ಟಿಲ ಮೇಲೆ ಕೂತು ಅದನ್ನು ಒತ್ತುತ್ತಿದ್ದವನನ್ನು, ಮನೆಯ ವಿಡಿಯೋ ತೆಗೆಯುತ್ತಿದ್ದಾನೆಂದು ಓನರಮ್ಮ ಹಿಡಿದು ನಿಲ್ಲಿಸಿದ್ದರು. ಅವನು ಹೆದರಿ, ಅದರಲ್ಲಿ ಆಟ ಮಾತ್ರವಲ್ಲ, ಹಾಡನ್ನೂ ಕಟ್ಟಬಹುದು ಎಂದು ತೋರಿಸಿದ. ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು. ಮೇಲಿನ ಚೌಕ ತುಂಬಿದರೆ ಮೇಲಿನ ಸ್ವರ, ಕೆಳಗಿನದು ತುಂಬಿದರೆ ಕೆಳಗಿನ ಸ್ವರ. ಯಂತ್ರ ಅವನ್ನು ಎಡದಿಂದ ಬಲಕ್ಕೆ ಓದಿಕೊಂಡು ಹೋಗಿ, ಮತ್ತೆ ಮೊದಲಿಗೆ ಬರುತ್ತದೆ.

“ಚುಕ್ಕಿ ಇಟ್ಟು ರಂಗೋಲಿ ಬುಟ್ಟಂಗೇ. ಅವ್ನೇನು ಅತಿಶಯ ಏಳಿಕೊಡ್ಲಿಲ್ಲ” ಅಂದರು.

ಮನೆ ಖಾಲಿ ಮಾಡುವಾಗ ಅವನು ಅದನ್ನು ಅವರಿಗೇ ಕೊಟ್ಟುಹೋಗಿದ್ದ. ಅದರ ಬಗ್ಗೆಯೂ ಅವರಿಗೆ ಸಮಾಧಾನವಿರಲಿಲ್ಲ. “ಸುಮ್ಮಸುಮ್ನೆ ಯಾರು ಕೊಡ್ತಾರೆ? ಏನೋ ಕೆಟ್ಟಿರ್ಬೇಕು ಒಳಗೆ. ಇನ್ನೂ ಉಡುಕ್ತಾ ಇವ್ನಿ.”

ಆ ದಿನ ಅವರು ಕೇಳಿಸಿದ್ದು ಒಂದು ಸೋಬಾನೆ ಪದದ ಧಾಟಿ. ಮಕ್ಕಳ ಆಟಿಕೆಯ ದನಿ. ಆದರೆ ಎಳೆತ, ಬಾಗು ಎಲ್ಲ ನಮ್ಮ ಕಡೆಯ ಹೆಂಗಸರದು. ನಾನು ನಂಬಲಿಲ್ಲ. ಆ ಯುವಕನೇ ಮಾಡಿಟ್ಟುಹೋಗಿದ್ದನ್ನು ಇವರು ಹಾಕಿ ತೋರಿಸುತ್ತಿದ್ದಾರೆ ಅಂದುಕೊಂಡೆ. “ನನ್ನೆದುರಿಗೆ ಹೊಸದೊಂದು ಮಾಡಿ” ಅಂದೆ.

ಅವರು ನನ್ನನ್ನು ನೋಡಿದರು. “ನೀನೂ ನಂಬಲ್ಲ ಅಲ್ವಾ?” ಅಂದರು. ಬೇಸರವಿರಲಿಲ್ಲ, ತಮ್ಮ ಜಾತಿಯ ಪ್ರಾಣಿಯೊಂದು ಕಂಡ ಸಂತೋಷವಿತ್ತು. “ಒಳ್ಳೇದು. ಕೂತ್ಕೊ.”

ಪರದೆ ಖಾಲಿ ಮಾಡಿಕೊಂಡರು. ಸದ್ದಿಲ್ಲದೆ ತುಟಿ ಅಲ್ಲಾಡುತ್ತಿತ್ತು, ಹೆಬ್ಬೆರಳು ಚೌಕದಿಂದ ಚೌಕಕ್ಕೆ ಹೋಗುತ್ತಿತ್ತು. ಒಂದು ಸಾಲು ಮಾಡಿ, ಕೇಳಿ, ಮುಖ ಸಿಂಡರಿಸಿ, ಒಂದು ಚೌಕ ಅಳಿಸಿ ಪಕ್ಕದ್ದು ತುಂಬಿದರು. ನಾನು ಕೊನೆಯವರೆಗೂ ಕೂತು ನೋಡಿದೆ. ಅವರೇ ಮಾಡಿದರು.

ಗಡ್ಡೆ ಬರುವ ಮುಂಚೆ ಸುತ್ತಲಿನ ಊರುಗಳ ಮದುವೆಗಳಲ್ಲಿ ಪದ ಎತ್ತಿಕೊಡುತ್ತಿದ್ದವರು ಅವರೇ. ಒಬ್ಬರು ಒಂದು ಸಾಲು ಹಾಡುತ್ತಾರೆ, ಉಳಿದ ಹೆಂಗಸರು ಅದನ್ನೇ ತಿರುಗಿ ಹಾಡುತ್ತಾರೆ. ಎತ್ತಿಕೊಡುವವಳು ನಿಂತರೆ ಎಲ್ಲರೂ ನಿಲ್ಲುತ್ತಾರೆ. ಆಪರೇಷನ್ ಆದ ಮೇಲೆ ಅವರನ್ನು ಮದುವೆಗೆ ಕರೆಯುತ್ತಿದ್ದರು, ಊಟಕ್ಕೆ ಕೂರಿಸುತ್ತಿದ್ದರು, ಅಷ್ಟೇ.

ಈಗ ಸಿಂಗಸಂದ್ರದಲ್ಲಿ ತಮ್ಮನ ಮಗಳ ಮದುವೆ ಗೊತ್ತಾಗಿತ್ತು. ಅರಿಶಿನ ಹಚ್ಚುವ ಶಾಸ್ತ್ರಕ್ಕೆ ತಮ್ಮನ ಹೆಂಡತಿ ಸೌಂಡ್ ಸಿಸ್ಟಂ ಹೇಳಿದ್ದರು. ಸೋಬಾನೆಯೂ ಅದರಲ್ಲೇ, ರೆಕಾರ್ಡಿನಲ್ಲಿ. ಓನರಮ್ಮನ ಪಿಂ ಪಿಂ ಎಲ್ಲ ಆ ದಿನಕ್ಕೆ ಸಿದ್ಧತೆ.

“ಒಂದೇ ಒಂದು ಪದ ನಾನು ಎತ್ತಿಕೊಡ್ಬೇಕು. ಅವ್ರು ತಗೊಂಡ್ರೆ ಸರಿ. ತಗೊಳ್ದಿದ್ರೆ ಇನ್ಮೇಲೆ ಯಾವ ಚಪ್ಪರಕ್ಕೂ ಕಾಲಿಡಲ್ಲ” ಅಂದರು. ನನ್ನನ್ನೂ ಬಾ ಎಂದು ಕರೆದರು. “ಏನಾಯ್ತು ಅಂತ ಆಮೇಲೆ ಒಬ್ಬೊಬ್ರು ಒಂದೊಂದು ಏಳ್ತಾರೆ. ಕಂಡೋರು ಒಬ್ರು ಬೇಕು ನಂಗೆ.”

ಮನೆಯ ಮುಂದಿನ ರಸ್ತೆಗೇ ಶಾಮಿಯಾನ ಹಾಕಿದ್ದರು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿದ್ದರು. ಗಂಡಿನ ಕಡೆಯಿಂದ ಸೀರೆ, ಹೂವು ತಂದ ಹೆಂಗಸರು ಒಂದು ಸಾಲಿನಲ್ಲಿ ಬಿಗಿಯಾಗಿ ಕೂತಿದ್ದರು. ಓನರಮ್ಮ ಚೀಲದಿಂದ ಗೇಮ್ ತೆಗೆದದ್ದೇ ತಮ್ಮನ ಹೆಂಡತಿ ಓಡಿ ಬಂದರು.

“ಅಕ್ಕ, ಇದ್ಯಾಕೆ ತಂದ್ರಿ? ಬೀಗ್ರು ಮುಂದೆ ಮಕ್ಳು ಸಾಮಾನು ಇಟ್ಕೊಂಡು...”

“ಒಂದು ಪದ ಕಣೆ.”

“ಅದು ಪದ ಅಲ್ಲ ಅಕ್ಕ, ಪಿಂ ಪಿಂ.”

ಓನರಮ್ಮ ಸೌಂಡ್ ಸಿಸ್ಟಂನವನ ಹತ್ತಿರ ಹೋಗಿ ವೈರು ಚಾಚಿದರು. ಅವನು ಅನುಮಾನದಿಂದ ನನ್ನ ಕಡೆ ತಿರುಗಿದ. “ಸ್ಪೀಕರ್ ಏನೂ ಹೋಗಲ್ಲ ತಾನೇ ಮೇಡಂ?” ಹೋಗುವುದಿಲ್ಲ ಎಂದು ನಾನು ಹೇಳಿದೆ. ನನಗೆ ಗೊತ್ತಿರಲಿಲ್ಲ.

ಮೊದಲ ಸಾಲು ರಸ್ತೆಯುದ್ದಕ್ಕೂ ಕೇಳಿಸಿತು. ಸಾಲು ಮುಗಿದು, ಹೆಂಗಸರು ತಿರುಗಿ ಹಾಡಲು ಜಾಗ ಬಂತು. ಯಾರೂ ಬಾಯಿ ತೆರೆಯಲಿಲ್ಲ. ಹಿಂದಿನಿಂದ ಯಾರೋ, “ಯಾರ್ದೋ ಫೋನು ಬಡ್ಕೊತೈತೆ, ಎತ್ರಮ್ಮ” ಅಂದರು. ಮೂರ್ನಾಲ್ಕು ಜನ ತಮ್ಮ ತಮ್ಮ ಪರ್ಸು ತೆರೆದು ನೋಡಿಕೊಂಡರು.

ಓನರಮ್ಮ ಅದೇ ಸಾಲನ್ನು ಮತ್ತೆ ಹಾಕಿದರು. ಈ ಸಲವೂ ಯಾರೂ ಹಾಡಲಿಲ್ಲ. ಅವರ ಮುಖ ನೋಡಲು ನನಗೆ ಕಷ್ಟವಾಯಿತು.

ತೊಂದರೆ ಏನೆಂದು ಆಗ ನನಗೆ ಹೊಳೆಯಿತು. ಸೋಬಾನೆಯಲ್ಲಿ ಒಂದೇ ಧಾಟಿಗೆ ಹಲವು ಪದಗಳಿರುತ್ತವೆ. ಬಾಯಲ್ಲಿ ಎತ್ತಿಕೊಟ್ಟರೆ ಮೊದಲ ಮಾತಿಗೇ ಯಾವ ಪದವೆಂದು ತಿಳಿಯುತ್ತದೆ. ಯಂತ್ರದಲ್ಲಿ ಮಾತೇ ಇಲ್ಲ. ಅಷ್ಟು ದಿನ ಚೌಕ ತುಂಬುವಾಗ ಮಾತು ಅವರ ತುಟಿಯಲ್ಲಿತ್ತು. ಅದು ಬೇರೆಯವರಿಗೆ ಕೇಳುವುದಿಲ್ಲ ಎಂಬುದನ್ನು ಅವರೂ ಮರೆತಿದ್ದರು, ನಾನೂ ಮರೆತಿದ್ದೆ.

ಮೂರನೇ ಸಲಕ್ಕೆ ಒಂದು ದನಿ ಎದ್ದಿತು. ಓನರಮ್ಮನ ಚಿಕ್ಕಮ್ಮ; ಹಲ್ಲಿಲ್ಲದ ಮುದುಕಿ, ಕಂಬಕ್ಕೊರಗಿ ಕೂತಿದ್ದವರು. ಅವರಿಗೆ ಆ ಧಾಟಿಯಲ್ಲಿ ನೆನಪಾದದ್ದು ಅರಿಶಿನದ ಪದವಲ್ಲ, ಬೀಗರನ್ನು ಹಂಗಿಸುವ ಪದ. ಸ್ಥಳಕ್ಕೆ ತಕ್ಕಂತೆ ಅದನ್ನು ತಿರುಗಿಸಿಯೂ ಬಿಟ್ಟರು: “ಟೋಲು ದಾಟಿ ಬಂದ್ಲು ಬೀಗಿತ್ತಿ, ಕೈಯಾಗೆ ಖಾಲಿ ಚೀಲ!”

ಅದೇ ಹೊತ್ತಿಗೆ ಹೆಣ್ಣಿನ ಕಡೆಯ ಉಳಿದ ಹೆಂಗಸರು ಅರಿಶಿನದ ಪದ ಶುರುಮಾಡಿದ್ದರು. ಎರಡು ಪದ ಒಂದೇ ಧಾಟಿಯಲ್ಲಿ ಡಿಕ್ಕಿ ಹೊಡೆದು ಎರಡೂ ನಿಂತವು. ಖಾಲಿ ಚೀಲ ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿತ್ತು.

“ಏನ್ರೀ ಇದು?” ಅಂದರು ಗಂಡಿನ ಕಡೆಯ ಒಬ್ಬರು. “ಅರಿಶಿನ ಹಚ್ಚೋಕೆ ಮುಂಚೆನೇ ಬೈಯ್ಸಿಕೊಳ್ಳೋಕೆ ಕರೆಸಿದ್ರಾ?”

ತಮ್ಮನ ಹೆಂಡತಿಯ ಮುಖ ಕೆಂಪಾಯಿತು. “ಅಕ್ಕ, ಬೇಕಂತ್ಲೇ ಮಾಡಿದ್ರಿ ನೀವು. ಗೊತ್ತು ನಂಗೆ.”

ಓನರಮ್ಮ ತಲೆ ಎತ್ತಲಿಲ್ಲ. ಹೆಬ್ಬೆರಳಿಂದ ಅದೇ ಸಾಲನ್ನು ಇನ್ನೊಮ್ಮೆ ಬಿಟ್ಟು, ಸಾಲು ಮುಗಿದ ಕೂಡಲೇ ಯಂತ್ರ ನಿಲ್ಲಿಸಿ, ಗಂಡಿನ ಕಡೆಯ ಸಾಲನ್ನು ನೋಡಿದರು. ಸುಮ್ಮನೆ ನೋಡಿದರು, ಕಾಯುವವರ ಹಾಗೆ.

ಆ ಸಾಲಿನಲ್ಲಿ ದಪ್ಪಗಿನ ಒಬ್ಬ ಹಿರಿಯ ಹೆಂಗಸಿದ್ದರು, ವರನ ಸೋದರತ್ತೆ. ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತರು. “ತುಂಬ್ಕೊಂಡು ಓಗೋಕೆ ತಂದಿವ್ನಿ, ನಿಮ್ಮಟ್ಟಿ ಕಣಜ ತೋರೇ ಬೀಗಿತ್ತಿ!” ಅದೇ ಧಾಟಿ, ಒಂದು ಸ್ವರವೂ ಆಚೀಚೆ ಇಲ್ಲ.

ಶಾಮಿಯಾನ ನಕ್ಕಿತು. ಚಿಕ್ಕಮ್ಮ ಕಂಬ ಬಿಟ್ಟು ಮುಂದೆ ಬಂದರು. ಆಮೇಲೆ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು. ಯಾರ ಸರದಿ ಬಂದರೂ ಮೊದಲು ಓನರಮ್ಮ ಸಾಲು ಬಿಡಬೇಕು, ಬಿಟ್ಟು ನಿಲ್ಲಿಸಬೇಕು, ಆಗ ಅವರು ಹಾಡಬೇಕು. ಎರಡೂ ಕಡೆಯ ಹೆಂಗಸರು ಅವರ ಹೆಬ್ಬೆರಳನ್ನೇ ನೋಡುತ್ತಿದ್ದರು. ಸಾಕೆನಿಸಿದಾಗ ಅವರು ಯಂತ್ರದ ವೇಗ ತಗ್ಗಿಸಿ, ಬಟ್ಟಲಿನ ಅರಿಶಿನವನ್ನು ಕಣ್ಣಲ್ಲಿ ತೋರಿಸಿದರು. ಆಗ ಎಲ್ಲರೂ ಒಟ್ಟಿಗೆ ಅರಿಶಿನದ ಪದವನ್ನೇ ಹಾಡಿದರು. ಅದನ್ನು ನಾನು ಕಂಡಿದ್ದೇನೆ.

ವಾಪಸು ಬರುವಾಗ ಹೊಸೂರು ರಸ್ತೆಯಲ್ಲಿ ಆಟೋ ಸಿಕ್ಕಿಕೊಂಡಿತ್ತು. ನಾನು ಕೇಳಿದೆ: “ನಿಜ ಹೇಳಿ. ಆ ಧಾಟಿಗೆ ಬೀಗರ ಪದವೂ ಇದೆ ಅಂತ ನಿಮಗೆ ಗೊತ್ತಿತ್ತಲ್ವಾ?”

“ಪದ ನಾನು ಆಕಿದ್ನಾ? ನಂದು ಮಾತಿಲ್ದ ಪೆಟ್ಟಿಗೆ. ಮಾತು ಅವರ ಬಾಯಿಂದ ಬಂತು.”

“ಅದು ಉತ್ತರ ಅಲ್ಲ.”

“ನೀನು ಬರ್ಕೊಳೋಕೆ ಅದೇ ಉತ್ತರ.” ಭುಜ ಕುಣಿಸುತ್ತ ದನಿಯಿಲ್ಲದೆ ನಕ್ಕರು. ಅವರು ಮರೆತದ್ದು ನಿಜವೋ, ಮರೆತಂತೆ ಕೂತದ್ದು ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲು ಬೇರೆ ಯಾರೂ ಇರಲಿಲ್ಲ.

ಆಮೇಲೆ ಸುತ್ತಲಿನ ಮದುವೆಗಳಿಗೆ ಅವರನ್ನು ಪೆಟ್ಟಿಗೆ ಸಮೇತ ಕರೆಯತೊಡಗಿದರು. ಕರೆದವರ ಬಗ್ಗೆಯೂ ಅವರಿಗೆ ಗುಮಾನಿ ಇತ್ತು: “ನಗೋಕೆ ಕರೀತಾವ್ರೋ, ಪದ ಆಡೋಕೋ?” ಆದರೂ ಹೋಗುತ್ತಿದ್ದರು. ಕತ್ತಿನ ಗಡ್ಡೆ ಮತ್ತೆ ಬಂದಾಗ ಡಾಕ್ಟರ ಮಾತನ್ನೂ ನಂಬಲಿಲ್ಲ. ಕೊನೆಗೆ ತಮ್ಮನ ಮನೆಗೆ ಹೋಗಿ ಇದ್ದರು; ಒಂದು ಬೆಳಿಗ್ಗೆ ಅಲ್ಲಿಂದ ಫೋನ್ ಬಂತು.

ತಿಥಿ ಮುಗಿದ ಮಧ್ಯಾಹ್ನ ತಮ್ಮನ ಹೆಂಡತಿ ನನ್ನನ್ನು ಕೆಳಮನೆಗೆ ಕರೆದರು. ಚಿಕ್ಕಮ್ಮನೂ, ಕೆಲವು ಹೆಂಗಸರೂ ಇದ್ದರು. ಪೆಟ್ಟಿಗೆಯಲ್ಲಿ ಏನೇನಿದೆ ಕೇಳಿಸಿ ಎಂದರು. ಒಂದೊಂದೇ ಧಾಟಿ ಹಾಕಿದೆ. ಇದು ಬಳೆ ತೊಡಿಸೋದು, ಇದು ಹುಡುಗಿ ದೊಡ್ಡೋಳಾದಾಗಿನ ಒಸಗೆದು ಎಂದು ಗುರುತು ಹಿಡಿಯುತ್ತ ಹೋದರು. ಕೊನೆಯದು ಯಾರಿಗೂ ಸಿಗಲಿಲ್ಲ. ಚಿಕ್ಕಮ್ಮನಿಗೂ.

“ನಮ್ಮ ಕಡೆದಲ್ಲ ಇದು. ಆ ಹುಡುಗ ಮಾಡಿಟ್ಟಿದ್ದು ಇರ್ಬೇಕು” ಅಂದರು ತಮ್ಮನ ಹೆಂಡತಿ. “ಇಲ್ಲಾಂದ್ರೆ ಕಂಪನಿಯೋರು.”

ನನಗೂ ಅದೇ ಅನುಮಾನ. ಓನರಮ್ಮನ ಫೋನಿನಲ್ಲಿ ನಂಬರ್ ಹುಡುಕಿ ಹುಬ್ಬಳ್ಳಿಯ ಯುವಕನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟು, ಧಾಟಿ ಕೇಳಿಸಿದೆ.

“ನಂದಲ್ರೀ ಮೇಡಂ. ಕೊಡೋಮುಂದ ನಂದೆಲ್ಲಾ ಅಳಿಸೇ ಕೊಟ್ಟೀನಿ.”

“ಕಂಪನಿಯವರೇ ಹಾಕಿ ಕೊಟ್ಟಿದ್ದಾ?”

“ಅದರಾಗ ಅವರು ಏನೂ ಹಾಕಿ ಕೊಡಂಗಿಲ್ರೀ. ಖಾಲಿ ಚೌಕ ಅಷ್ಟ.” ಆಮೇಲೆ ಅವನೇ ಕೇಳಿದ: “ಆಂಟಿ ಮಾಡ್ಯಾರೇನ್ರೀ ಇದನ್ನ?”

ಅವನು ಹೇಳಿದ್ದನ್ನು ನಾನು ಆ ಪೆಟ್ಟಿಗೆ ಗೊತ್ತಿರುವ ಇನ್ನೊಬ್ಬರಲ್ಲಿ ವಿಚಾರಿಸಿಕೊಂಡಿದ್ದೇನೆ. ಹಾಗಾಗಿ ಇಲ್ಲಿ ಬರೆಯಬಹುದು: ಆ ಧಾಟಿ ಓನರಮ್ಮನದು. ಅವರು ಕಟ್ಟಿದ್ದು.

ಆದರೆ ಆ ಮಧ್ಯಾಹ್ನ ತಮ್ಮನ ಹೆಂಡತಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. “ಅವ್ನು ಸುಳ್ಳು ಏಳ್ತಿದ್ರೆ?”

“ಸತ್ತೋಳ್ ಎಸ್ರಲ್ಲಿ ಸುಳ್ಳು ಏಳಿ ಅವ್ನೇನು ಗಂಟು ಕಟ್ಕೊತಾನೆ, ಸುಮ್ಕಿರೇ” ಅಂದರು ಚಿಕ್ಕಮ್ಮ.

“ಇನ್ನೊಂದ್ಸಲ ಆಕಿ ಮೇಡಂ” ಅಂದರು ತಮ್ಮನ ಹೆಂಡತಿ.

ಹಾಕಿದೆ. ಮೊದಲ ಸಾಲು ಮುಗಿಯಿತು. ತಿರುಗಿ ಹಾಡುವವರಿಗಾಗಿ ಓನರಮ್ಮ ಚೌಕಗಳನ್ನು ಖಾಲಿ ಬಿಟ್ಟಿದ್ದರು, ಪೆಟ್ಟಿಗೆ ಸುಮ್ಮನಾಯಿತು. ತಮ್ಮನ ಹೆಂಡತಿ ಯಾರ ಮುಖವನ್ನೂ ನೋಡದೆ, ಬಾಯಿ ಮುಚ್ಚಿಕೊಂಡೇ, ಆ ಸಾಲನ್ನು ಗುನುಗಿದರು. ಪೆಟ್ಟಿಗೆ ಎರಡನೇ ಸಾಲು ಎತ್ತಿಕೊಟ್ಟಿತು.