ಲಿಫ್ಟಿನ ಗೋಡೆಯ ಮೇಲೆ ನಾಟಿ

ನಮ್ಮ ಡ್ರಾಯಿಂಗ್ ಮೇಡಂ ಯಾರನ್ನು ನೋಡಿದರೂ ಎಡಗಣ್ಣು ಅರ್ಧ ಮುಚ್ಚಿಯೇ ನೋಡುತ್ತಿದ್ದರು. ಚಿತ್ರ ಬರೆಯುವವರು ಹೀಗೇ ಅಳತೆ ಹಿಡಿಯುತ್ತಾರೆ ಎಂದು ನಾವು ಹುಡುಗಿಯರು ತಿಳಿದಿದ್ದೆವು. ಅದು ಅನುಮಾನ ಎಂದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳುವರು, ಹತ್ತಿ ಕೂತ ಮೇಲೆ ಪಕ್ಕದವರನ್ನೂ ಕೇಳುವರು. ಯಾರಾದರೂ ಹೊಗಳಿದರಂತೂ ಮುಗಿಯಿತು: "ಏನ್ ಬೇಕಾಗಿತ್ತು ಬೇ ನಿನಗ?"

ಅವರದು ಮಾನ್ವಿ ಕಡೆಯ ಕುರ್ಡಿ ಎಂಬ ಹಳ್ಳಿ, ಕೂಲಿ ಮಾಡುವ ಮನೆ. ಓದಿ, ದೇವದುರ್ಗದ ಕಡೆ ಒಂದು ಹಳ್ಳಿಯ ಶಾಲೆಗೆ ಸೇರಿದ ಹೊಸತರಲ್ಲಿ, ಕೇರಿಯವರನ್ನು ಹತ್ತಿರ ಸೇರಿಸದ ಊರ ಬಾವಿಯಲ್ಲಿ ತಮ್ಮ ಕೇರಿಯ ಹೆಂಗಸರು ನೀರು ಸೇದುವುದನ್ನು ಶಾಲೆಯ ಗೋಡೆಗೆ ಬರೆದಿದ್ದರಂತೆ. ಎಲ್ಲರೂ ಶಭಾಷ್ ಅಂದರು. ರಜೆ ಮುಗಿಸಿ ಶಾಲೆಗೆ ಹೋದಾಗ ಗೋಡೆಗೆ ಸುಣ್ಣ ಬಿದ್ದಿತ್ತು.

"ಶಭಾಷ್ ಅಂದೋರೊಳಗ ಯಾರೋ ಒಬ್ರು ಬಳದಾರ. ಯಾರಂತ ಗೊತ್ತಾಗ್ಲಿಲ್ಲ. ಅದಕ್ಕ ಎಲ್ಲಾರ ಮ್ಯಾಲೂ ಒಂದ್ ಕಣ್ಣು ಇಟ್ಟೀನಿ," ಎಂದಿದ್ದರು ಮೇಡಂ.

ನಾನು ಓದಿ ಎಂಜಿನಿಯರ್ ಆದೆ. ರಾಯಚೂರಿನ ನಡು ಪೇಟೆಯಲ್ಲಿ ಏಳುತ್ತಿದ್ದ ಎತ್ತರದ ಕಟ್ಟಡದ ಕೆಲಸ ಸಿಕ್ಕಿತು. ಕೆಳಗೆ ಅಂಗಡಿಗಳು, ನಡುವೆ ಆಫೀಸುಗಳು, ಮೇಲೆ ಮನೆಗಳು, ಹೊರಮೈಗೆಲ್ಲ ನೀಲಿ ಗಾಜು. ಮಧ್ಯಾಹ್ನದ ಬಿಸಿಲಿಗೆ ಅದರತ್ತ ನೋಡಲಾಗುತ್ತಿರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಕಾಣುವಂತೆ ಒಂದು ದೊಡ್ಡ ಕಲಾಕೃತಿ ಬೇಕೆಂದು ಮಾಲೀಕರು ಹೇಳಿದಾಗ, ರಿಟೈರ್ ಆಗಿ ಮಾನ್ವಿಯಲ್ಲಿದ್ದ ಮೇಡಂ ಹೆಸರನ್ನು ನಾನೇ ಸೂಚಿಸಿದೆ.

ಬಂದವರು ಮೊದಲು ನನ್ನನ್ನೇ ವಿಚಾರಿಸಿಕೊಂಡರು. "ಇಷ್ಟ್ ಮಂದಿ ಇರೋವಾಗ ನನ್ನನ್ಯಾಕ ಕರದ್ರು? ನೀ ಯಾರ ಕಡಿ ಅದೀ ಬೇ?"

ಭತ್ತ ನಾಟಿ ಮಾಡುವ ಹೆಂಗಸರನ್ನು ಕಲ್ಲಿನ ಚೂರುಗಳಲ್ಲಿ ಮಾಡುತ್ತೇನೆ ಎಂದರು. ಮಾಲೀಕರು ಮುಖ ಸಣ್ಣ ಮಾಡಿದರು.

"ಓಡೋ ಕುದ್ರಿ ಮಾಡ್ರಿ ಮೇಡಂ. ಮ್ಯಾಲೆ ಮನಿ ತಗೊಂಡೋರು ಕೂಲಿಯೋರನ್ನ ನೋಡ್ಕೋತ ಒಳಗ ಬರಬೇಕೇನ್ರಿ?"

"ಕುದ್ರಿ ಬೇಕಾದ್ರ ಕುದ್ರಿ ಮಾಡೋರನ್ನ ಕರಸ್ರಿ," ಎಂದು ಮೇಡಂ ಎದ್ದರು.

ಮಾಲೀಕರು ನಕ್ಕು ಒಪ್ಪಿಕೊಂಡುಬಿಟ್ಟರು. ಆ ನಗು ಮೇಡಂಗೆ ಸೇರಲಿಲ್ಲ. ಹೊರಗೆ ಬಂದು ನಕ್ಷೆ ತೆಗೆಸಿ ನೋಡಿದರು. ಕಲಾಕೃತಿಯನ್ನು ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿ ನಿಲ್ಲಿಸುವಂತೆ ಅದರಲ್ಲಿತ್ತು.

"ಬೋಲ್ಟ್ ಯಾಕ ಹಾಕ್ತಾರ? ಬಿಚ್ಚಾಕ." ನಕ್ಷೆ ಮಡಚಿ ನನ್ನತ್ತ ತಿರುಗಿ ಕೇಳಿದರು, "ಯಾವ ಗ್ವಾಡಿ ಒಡದ್ರ ಈ ಬಿಲ್ಡಿಂಗ್ ಬೀಳ್ತದ?"

"ಲಿಫ್ಟಿನ ಸುತ್ತ ಇರೋ ಗ್ವಾಡಿ ರೀ. ಇಡೀ ಭಾರ ಅದಾ ಹಿಡದದ."

"ಹಂಗಂದ್ರ ಅದರ ಮ್ಯಾಲೇ ಮಾಡ್ತೀನಿ."

ಮಾಡಿದರು. ಬೂದು, ಕೆಂಪು, ಕರಿ ಕಲ್ಲಿನ ಚೂರುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಬೆರಳುಗಳೆಲ್ಲ ಬಿರಿದುಹೋಗುವ ತನಕ. ಗೋಡೆಯಲ್ಲಿದ್ದ ಹೆಂಗಸರೆಲ್ಲ ಕುರ್ಡಿಯವರೇ. ಎಲ್ಲರೂ ಬಗ್ಗಿದ್ದರು. ಮುಂದಿದ್ದ ಒಬ್ಬಳು ಮಾತ್ರ ಸಸಿ ಹಿಡಿದು, ತಲೆಯೆತ್ತಿ ನೇರ ನೋಡುತ್ತಿದ್ದಳು. ಅವಳು ಮೇಡಂ ಜೊತೆ ಒಂದೇ ಗದ್ದೆಯಲ್ಲಿ ಕೂಲಿ ಮಾಡಿದ ಬಾಲ್ಯದ ಗೆಳತಿ.

ಕಟ್ಟಡ ಮುಗಿದು ಅಂಗಡಿಗಳು ತೆರೆದ ಕೆಲವೇ ತಿಂಗಳಿಗೆ, ಕೆಳಗಿನ ಬಟ್ಟೆ ಅಂಗಡಿಯವರು ಆ ಗೋಡೆಯ ಮುಂದೆ ಪ್ಲೈವುಡ್ ನಿಲ್ಲಿಸಿ ಸೀರೆಯ ಜಾಹೀರಾತು ಅಂಟಿಸಿದರು. ಕಟ್ಟಡದ ಉಸ್ತುವಾರಿಗೆ ಅಲ್ಲೇ ಉಳಿದಿದ್ದ ನಾನು ಮೇಡಂಗೆ ಫೋನು ಮಾಡಿ ತಿಳಿಸಿದೆ. "ಹೂಂ" ಎಂದಷ್ಟೇ ಅಂದು ಇಟ್ಟರು. ಮರುದಿನ ಬೆಳಗಿನ ಬಸ್ಸಿಗೇ ಬಂದರು.

"ಹಬ್ಬ ಮುಗಿಯೋ ತನಕ ಅಷ್ಟರೀ," ಎಂದ ಅಂಗಡಿಯ ಮ್ಯಾನೇಜರ್.

"ಯಾವ ಹಬ್ಬ?" ಎಂದರು ಮೇಡಂ. ಅವನು ಗಿರಾಕಿಗಳ ನೆಪ ಹೇಳಿ ಅಂಗಡಿಯೊಳಗೆ ಹೋದ.

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಒಂದು ಕುರ್ಚಿ ಹಾಕಿಸಿಕೊಂಡು ಜಾಹೀರಾತಿನ ಮುಂದೆ ಕೂತರು. ಮರುದಿನವೂ ಬಂದು ಕೂತರು, ಅದರ ಮರುದಿನವೂ. ಲಿಫ್ಟಿಗೆ ಕಾಯುವವರು "ಯಾಕ್ ಕುಂತೀರಿ ಅಜ್ಜಿ?" ಎಂದು ಕೇಳಿದರೆ, "ಹಿಂದ ಮಂದಿ ಅದಾರ, ಕಾಯಾಕತ್ತೀನಿ," ಎನ್ನುವರು. ಕಟ್ಟಡವಿಡೀ ಮಾತು ಹಬ್ಬಿತು. ದಿನವೂ ಓಡಾಡಿಯೂ ಆ ಗೋಡೆಯತ್ತ ನೋಡದಿದ್ದವರು ಹಲಗೆಯ ಸಂದಿಯಲ್ಲಿ ಇಣುಕತೊಡಗಿದರು. ಕಸ ಗುಡಿಸುವ ಹೆಂಗಸರು ಊಟದ ಹೊತ್ತಿಗೆ ಅವರ ಪಕ್ಕ ಬಂದು ಕೂರುತ್ತಿದ್ದರು. ಕಡೆಗೆ ಮೇಲಿನ ಮನೆಗಳವರೇ ಮಾಲೀಕರಿಗೆ ಗಂಟುಬಿದ್ದರು. ಹಲಗೆ ಇಳಿಯಿತು.

ನಾನು ಸಿಹಿ ತಂದೆ. ಮೇಡಂ ಮುಟ್ಟಲಿಲ್ಲ. ಒಂದೊಂದೇ ಕಲ್ಲನ್ನು ಬೆರಳಿನಿಂದ ಒತ್ತಿ ನೋಡುತ್ತ, "ಇವತ್ತ್ ತಗದಾರ," ಎಂದರು. "ನೀ ಇಲ್ಲೇ ಇರ್ತೀಯಲ್ಲ, ನೋಡ್ಕೋ." ನೋಡಿಕೋ ಎಂದು ಅವರು ಯಾರಿಗಾದರೂ ಒಪ್ಪಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅವರ ಮನೆಯವರನ್ನು ಮಾತಾಡಿಸಲು ಕುರ್ಡಿಗೆ ಹೋದಾಗ ಆ ಗೆಳತಿ ಸಿಕ್ಕಳು. ಗೋಡೆಯನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ. "ಅಂಥಾ ಬಿಲ್ಡಿಂಗಿನಾಗ ನಮ್ಮನ್ನ ಬಿಡ್ತಾರೇನವ್ವಾ?" ಎಂದಳು. ಜೊತೆಯಲ್ಲೇ ಬಸ್ಸು ಹತ್ತಿಸಿಕೊಂಡು ಬಂದೆ.

ನಾನು ಆಟೋದಿಂದ ಚೀಲ ಇಳಿಸಿಕೊಳ್ಳುವಷ್ಟರಲ್ಲಿ ಆಕೆ ಬಾಗಿಲಿಗೆ ಹೋಗಿ ನಿಂತಿದ್ದಳು. ಹೊಸ ಕಾವಲುಗಾರ ಆಕೆಯ ಬರಿಗಾಲು ನೋಡಿ ಕೈ ಅಡ್ಡ ಹಿಡಿದಿದ್ದ.

"ಯಾರ್ನ ನೋಡಬೇಕಾಗಿತ್ತು?"

ಗಾಜಿನಾಚೆ ಗೋಡೆ ಕಾಣುತ್ತಿತ್ತು. ಆಕೆ ಅದನ್ನೇ ನೋಡುತ್ತಿದ್ದಳು.

"ನನ್ನ ನೋಡಾಕ ಬಂದೀನಿ," ಎಂದಳು. "ಅಲ್ಲಿ, ಮುಂದ ನಿಂತೀನಿ ನೋಡು."

ಅವನು ತಿರುಗಿ ಗೋಡೆಯನ್ನು ನೋಡಿದ. ಮತ್ತೆ ಆಕೆಯ ಮುಖ ನೋಡಿದ. ಕೈ ತೆಗೆದ.