ಸೇನಾಪತಿಯ ನರೆಗೂದಲು

ನಮ್ಮ ಚಿಕ್ಕಮ್ಮನಿಗೆ ಮೊಬೈಲ್ ಆಟದ ಹುಚ್ಚು ಎಂದು ಮೂಗು ಮುರಿಯುವವರು ಮೊದಲು ಅವಳ ಪಾರ್ಲರಿಗೆ ಬಂದು ಒಂದು ಗಳಿಗೆ ಕೂತು ನೋಡಲಿ. ಬೆಳಗಿನಿಂದ ಸಂಜೆಯವರೆಗೆ ಊರ ಹೆಂಗಸರ ತಲೆಗೆ ಡೈ ಹಚ್ಚುವವಳು ಅವಳು. ಬೈತಲೆಯ ಬುಡದಲ್ಲಿ ಒಂದೇ ಒಂದು ಬಿಳಿ ಎಳೆ ಉಳಿದರೂ ಅವಳ ಕಣ್ಣು ತಪ್ಪಿಸಲಾರದು. ತನ್ನ ತಲೆಗೆ ಮಾತ್ರ ಒಂದು ಹನಿಯನ್ನೂ ಸೋಕಿಸಿಕೊಂಡವಳಲ್ಲ. ಗಿರಾಕಿಗಳು ಅದನ್ನೇ ಹಿಡಿದು ಛೇಡಿಸಿದರೆ, "ನಿಮಗೇ ಸಾಲ್ತಿಲ್ಲ, ನನಗೆಲ್ಲಿ ಉಳಿಯುತ್ತೆ?" ಎಂದು ಬಾಯಿ ಮುಚ್ಚಿಸುತ್ತಾಳೆ.

ಗಿರಾಕಿಯ ತಲೆಗೆ ಬಣ್ಣ ಹಿಡಿಯುವವರೆಗಿನ ಬಿಡುವಿನಲ್ಲಿ ಅವಳ ಅನಿಮೆ ಆಟ, ಜಪಾನಿ ಕಾರ್ಟೂನಿನಂಥ ಪಾತ್ರಗಳದು. ಆ ಗೀಳು ಹತ್ತಿಸಿದ್ದು ನಾನೇ, ಅವಳ ಅಕ್ಕನ ಮಗಳು, ಅದೇ ಪಾರ್ಲರಿನಲ್ಲಿ ಕೆಲಸಕ್ಕಿರುವವಳು. ಆಡಿ ಗಳಿಸಿದ ಹರಳುಗಳನ್ನು ಕೊಟ್ಟು ಚೀಟಿ ಎತ್ತಿದ ಹಾಗೆ ಎತ್ತಬೇಕು. ಅದೃಷ್ಟವಿದ್ದರೆ ಬೇಕಾದ ಪಾತ್ರ ನಮ್ಮ ತಂಡಕ್ಕೆ ಬರುತ್ತದೆ. ಹೀಗೆ ಎತ್ತುವುದಕ್ಕೇ ಗಾಚಾ ಎನ್ನುತ್ತಾರೆ. ನಾನು ಸಿಕ್ಕಿದ್ದನ್ನೆಲ್ಲ ಚೆಲುವ ಹುಡುಗರ ಮೇಲೆ ಸುರಿದೆ, ಸುಳ್ಳೇಕೆ ಹೇಳಲಿ. ಚಿಕ್ಕಮ್ಮ ಒಂದು ಹರಳನ್ನೂ ಮುಟ್ಟದೆ ಕೂಡಿಟ್ಟಳು. ಅವಳಿಗೆ ಬೇಕಿದ್ದವಳು ಕೋಟೆ ಬಾಗಿಲಿನ ಸೇನಾಪತಿ. ಐವತ್ತು ದಾಟಿದ ಹೆಂಗಸು, ನರೆತ ಜಡೆ, ಕೆನ್ನೆಯ ಮೇಲೆ ಗಾಯದ ಗುರುತು, ಮೈತುಂಬ ಕವಚ. ಕಥೆಯ ನಡುವೆ ಬಂದು ಎಲ್ಲರನ್ನೂ ಗದರಿಸಿ ಹೋಗುತ್ತಿದ್ದಳು, ಆದರೆ ತಂಡಕ್ಕೆ ಸೇರಿಸಿಕೊಳ್ಳುವ ಹಾಗಿರಲಿಲ್ಲ.

"ಅವಳು ನಡೆಯೋದು ನೋಡೇ. ಮಂಡಿ ನೋವಿದೆ ಅವಳಿಗೆ. ಆದ್ರೂ ಒಂದು ಹೆಜ್ಜೆ ಹಿಂದೆ ಇಡಲ್ಲ," ಎನ್ನುತ್ತಿದ್ದಳು ಚಿಕ್ಕಮ್ಮ.

ಹೆಣ್ಣು ಆಟಗಾರರಿಗೆ ಏನು ಬೇಕು ಎಂದು ಕಂಪನಿಯವರು ಕೇಳಿದಾಗಲೆಲ್ಲ ಅವಳ ಉತ್ತರ ಒಂದೇ: ಸೇನಾಪತಿಯನ್ನು ಕೊಡಿ. ಕೊನೆಗೂ ಕೊಟ್ಟರು, ಚೀಟಿ ಎತ್ತಿ ಪಡೆಯುವ ಹಾಗೆ. ಇಬ್ಬರೂ ಕೆಲಸ ಬಿಟ್ಟು ಮೊಬೈಲಿನ ಮೇಲೆ ಬಗ್ಗಿದೆವು. ಅಯ್ಯೋ ದೇವರೇ! ಜಡೆ ಕಪ್ಪಗೆ ಮಿಂಚುತ್ತಿತ್ತು. ಗಾಯ ಮಾಯ. ಅರ್ಧ ಕವಚ ಎಲ್ಲಿ ಹೋಯಿತೋ. ಯಾವುದೋ ಮಾಯಾಜಲ ಕುಡಿದು ಯೌವನ ಮರಳಿತಂತೆ, ಇವರ ತಲೆ!

ಚಿಕ್ಕಮ್ಮ ಚಿತ್ರವನ್ನು ದೊಡ್ಡದು ಮಾಡಿ ಬೈತಲೆ ನೋಡಿದಳು. "ಬುಡದವರೆಗೂ ಹಚ್ಚಿದ್ದಾರೆ," ಎಂದಳು. ಕುರ್ಚಿಯಲ್ಲಿದ್ದ ಗಿರಾಕಿ ನಕ್ಕೇಬಿಟ್ಟರು. ಚಿಕ್ಕಮ್ಮನ ಮುಖ ನೋಡಿ ನನಗೆ ನಗು ಬರಲಿಲ್ಲ.

ಎತ್ತಲು ಗಡುವಿತ್ತು, ದಾಟಿದರೆ ಸೇನಾಪತಿ ಮತ್ತೆ ಬರುವ ಖಾತ್ರಿಯಿಲ್ಲ. ಕೊನೆಯ ದಿನ ನಾನು ಗೋಗರೆದೆ. "ಹೆಸರು ಅದೇ, ಈಟಿ ಅದೇ, ದನಿ ಅದೇ. ಎತ್ತು ಚಿಕ್ಕಮ್ಮ! ಇಲ್ಲಾಂದ್ರೆ ಕೂಡಿಟ್ಟಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ."

"ನಿನ್ನ ಚೆಲುವರನ್ನ ತೋರಿಸು. ಈ ಹುಡುಗನ ಕೂದಲು ಯಾವ ಬಣ್ಣ?"

"ಬಿಳಿ."

"ಇವನದು?"

"ಬೆಳ್ಳಿ."

"ನೋಡು ಮತ್ತೆ! ಮೀಸೆ ಚಿಗುರದ ಹುಡುಗರಿಗೆ ಬಿಳಿ ಕೂದಲು ಧಾರಾಳವಾಗಿ ಕೊಡ್ತಾರೆ. ಐವತ್ತಾದ ಹೆಂಗಸಿಗೆ ಕೊಡೋಕೆ ಮಾತ್ರ ಕೈ ಬರಲ್ಲ ಇವರಿಗೆ!"

ಅದೇ ಮಾತನ್ನು ಅವಳು ಆಟದ ಪುಟದಲ್ಲಿ ಬರೆದು ಹಾಕಿದಳು. ನೋಡನೋಡುತ್ತಿದ್ದಂತೆ ಗುರುತು ಪರಿಚಯವಿಲ್ಲದ ಹೆಂಗಸರು ಅದರ ಕೆಳಗೆ ಸಾಲುಗಟ್ಟಿದರು: ನಾನೂ ಎತ್ತಲ್ಲ, ನಾನೂ ಎತ್ತಲ್ಲ. ನನ್ನ ಚಿಕ್ಕಮ್ಮ ಕಣ್ರೀ ಅವಳು! ಎದೆಯುಬ್ಬಿ ಬಂತು ನನಗೆ.

ಗಡುವು ಮುಗಿಯಿತು. ಹರಳು ಹಾಗೇ ಉಳಿದವು, ಸೇನಾಪತಿ ಸಿಗಲಿಲ್ಲ. ಚಿಕ್ಕಮ್ಮನ ಕಣ್ಣು ಒದ್ದೆಯಾಗಿತ್ತು. ಕೈ ಒರೆಸಿಕೊಂಡು ಕಥೆಯ ಹಳೆಯ ಅಧ್ಯಾಯ ತೆರೆದಳು. ಅಲ್ಲಿ ಸೇನಾಪತಿಯನ್ನು ಯಾರೂ ಬದಲಿಸಿರಲಿಲ್ಲ. ನರೆತ ಜಡೆಯವಳು ಕೋಟೆ ಬಾಗಿಲಲ್ಲಿ ಈಟಿ ಊರಿ ನಿಂತಿದ್ದಳು.

"ನೀನು ನನ್ನ ತಂಡಕ್ಕೆ ಬರದಿದ್ರೆ ಏನಂತೆ, ತಾಯಿ?" ಎಂದಳು ಚಿಕ್ಕಮ್ಮ. "ನಾನಿದ್ದೀನಲ್ಲ, ನಿನ್ನ ತಂಡದಲ್ಲಿ."