ಬೋಣಿಯ ಕೈ

ಹೆಬ್ಬೆರಳನ್ನು ತೋರುಬೆರಳಿಗೆ ಒತ್ತಿ ಹಿಡಿದರೆ ಅವೆರಡರ ನಡುವೆ, ಕೈಯ ಹಿಂಬದಿಯಲ್ಲಿ, ಒಂದು ಸಣ್ಣ ಉಬ್ಬು ಏಳುತ್ತದೆ. ಎಲ್ಲರಿಗೂ ಏಳುತ್ತದೆ, ಬೇಕಾದರೆ ಈಗಲೇ ನೋಡಿಕೊಳ್ಳಿ. ನಮ್ಮ ಮೇಡಂ ಬಲಗೈಯಲ್ಲಿ ಅದು ನಿಂಬೆಹಣ್ಣಿನಷ್ಟು ಏಳುತ್ತಿತ್ತು. ಎಷ್ಟೋ ವರ್ಷ ಆಟಗಾರರ ತೊಡೆ, ಮೀನಖಂಡ, ಬೆನ್ನುಗಳನ್ನು ಒತ್ತಿ ಒತ್ತಿ ಬೆಳೆದ ಮಾಂಸ ಅದು. ಫಿಸಿಯೋಥೆರಪಿ ಕಾಲೇಜಿಗೆ ಸೇರಿದ ಮೊದಲ ವಾರವೇ ಅವರು ಆ ಕೈಯನ್ನು ಮೇಜಿನ ಮೇಲಿಟ್ಟು, ನಮ್ಮೆಲ್ಲರನ್ನೂ ಸಾಲಾಗಿ ಕರೆದು, ಆ ಉಬ್ಬನ್ನು ಮುಟ್ಟಿ ನೋಡಲು ಹೇಳಿದ್ದರು. ನನ್ನ ಸರದಿ ಬಂದಾಗ ಹೆಸರು ಕೇಳಿ, ಮನೆಮಾತು ಕೇಳಿ, ಮುಖ ಅರಳಿಸಿ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ತಿರುಗಿದರು.

"ಬರೋಬರಿ ಒತ್ತಿ ನೋಡವಾ. ಗಟ್ಟಿಮುಟ್ಟ ಅಂದ್ರ ಹಿಂಗಿರತೈತಿ. ಇದನ್ನ ನೆನಪಿಟ್ಟಿ ಅಂದ್ರ ಮುಂದ ಯಾವುದು ಗಟ್ಟಿ ಇಲ್ಲ ಅನ್ನೋದು ತಾನs ಗೊತ್ತಾಗತೈತಿ."

ಆ ಮಾತು ಮುಂದೆ ಹೇಗೆ ನಿಜವಾಗಲಿದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಮೇಡಂ ತವರು ಮೂಲತಃ ರಾಯಚೂರು ಕಡೆಯದು. ಅವರ ತಂದೆಗೆ ನಮ್ಮ ಕಾಲೇಜಿದ್ದ ತೆಲುಗು ಸೀಮೆಯ ನಗರದಲ್ಲೇ, ಬೇಗಂ ಬಜಾರಿನಲ್ಲಿ, ಬೆಲ್ಲ, ಒಣಮೆಣಸಿನಕಾಯಿಯ ಸಗಟು ಅಂಗಡಿ ಇತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವರು ಭಾರ ಖಚಿತವಾಗಿ ಗೊತ್ತಿದ್ದ ಒಂದು ಕಬ್ಬಿಣದ ತೂಕದ ಕಲ್ಲನ್ನು ತಕ್ಕಡಿಗಿಟ್ಟು, ತಕ್ಕಡಿ ಸರಿಯಾಗಿದೆಯೇ ಎಂದು ನೋಡಿಯೇ ಬೋಣಿ ಮಾಡುತ್ತಿದ್ದರಂತೆ. ಮಗಳು ಆ ಪದ್ಧತಿಯನ್ನು ಕಾಲೇಜಿಗೆ ತಂದಿದ್ದರು. ಯಾವ ವಿದ್ಯಾರ್ಥಿ ಸಂಶೋಧನೆಗೆ ಇಳಿದರೂ, ಹಿಡಿತದ ಬಲ ಅಳೆಯುವ ಡೈನಮೋಮೀಟರನ್ನು ಮೊದಲು ಹಿಸುಕುವವರು ಮೇಡಂ. "ಬೋಣಿ ನಂದು," ಎಂದು ಸೆರಗು ಸಿಕ್ಕಿಸಿ ಕೂರುವರು. ಮುಳ್ಳು ಎಂದಿನ ಜಾಗಕ್ಕೆ ಹೋಗಿ ನಿಂತರೆ ಯಂತ್ರ ಸರಿಯಾಗಿದೆ, ಕೆಲಸ ಶುರುಮಾಡಬಹುದು. ಆ ಜಾಗ ಯಾವುದೆಂದು ವಿಭಾಗದ ಗುಮಾಸ್ತರಿಗೂ ಗೊತ್ತಿತ್ತು. ಇಂಥ ಪದ್ಧತಿ ಯಾವ ಪಠ್ಯದಲ್ಲೂ ಇಲ್ಲ. ಯಂತ್ರದ ಕಂಪನಿಯವರು ಪ್ರಮಾಣಪತ್ರ ಕೊಟ್ಟಿರುತ್ತಾರೆ, ಆದರೆ ನಮಗೆ ಮೇಡಂ ಕೈಯೇ ಪ್ರಮಾಣ.

ಅವರ ಇನ್ನೊಂದು ಹುಚ್ಚು ಹೆಜ್ಜೆ ಸಪ್ಪಳ ಕೇಳಿಸುವುದು. ನಮ್ಮನ್ನು ಕಣ್ಣು ಮುಚ್ಚಿಸಿ ಕೂರಿಸುವರು. ರೋಗಿಯೊಬ್ಬರನ್ನು ಉದ್ದನೆಯ ವರಾಂಡದಲ್ಲಿ ನಡೆಸುವರು. ಯಾವ ಕಾಲು ತಡವಾಗುತ್ತಿದೆ, ಸೊಂಟ ಜೋಲುತ್ತಿದೆಯೇ, ಮಂಡಿ ಮಡಿಸಲು ಹೆದರಿಕೆಯೇ, ಎಲ್ಲವನ್ನೂ ಕಿವಿಯಿಂದಲೇ ಹೇಳಬೇಕು. ತಪ್ಪಿದರೆ ತಲೆಗೆ ಮೊಟಕು. "ಕಣ್ಣು ಮರ್ಯಾದಿ ನೋಡತಾವ, ಕಿವಿ ನೋಡೂದಿಲ್ಲ. ಅದಕ್ಕ ಕಿವಿ ಮಾತು ಕೇಳ," ಎನ್ನುತ್ತಿದ್ದರು. ನಮಗೆ ಅದೊಂದು ಆಟವಾಗಿಬಿಟ್ಟಿತ್ತು. ಕ್ಯಾಂಟೀನಿನಲ್ಲಿ ಬೆನ್ನು ತಿರುಗಿಸಿ ಕೂತು, ಬರುವವರು ಯಾರೆಂದು ಚಪ್ಪಲಿಯ ಸಪ್ಪಳದಿಂದ ಹೇಳಿ ಸಮೋಸಾ ಗೆಲ್ಲುತ್ತಿದ್ದೆವು. ಮೇಡಂ ಹೆಜ್ಜೆ ಎಲ್ಲಕ್ಕಿಂತ ಸುಲಭ. ಎರಡೂ ಕಾಲಿಗೆ ಒಂದೇ ಸಮ, ಒಂದೇ ಗತ್ತು.

ಸ್ನಾತಕೋತ್ತರ ಪದವಿಯ, ಎಂಪಿಟಿಯ, ಕೊನೆಯ ವರ್ಷದಲ್ಲಿ ಅವರೇ ನನಗೆ ಗೈಡ್ ಆದರು. ನನ್ನ ವಿಷಯ ಕಬಡ್ಡಿ. ಎದುರಾಳಿಯ ಕಾಲನ್ನು ಹಿಡಿದೆಳೆಯುವ ಹುಡುಗಿಯರ ಹಿಡಿತ ಅಭ್ಯಾಸದ ಕೊನೆಗೆ ಎಷ್ಟು ಸಡಿಲವಾಗುತ್ತದೆ, ಹಾಗೆ ಸಡಿಲವಾಗುವವರಿಗೇ ಭುಜದ ಪೆಟ್ಟು ಹೆಚ್ಚೇ ಎಂದು ನೋಡಬೇಕಿತ್ತು. ಸನತ್‌ನಗರದ ನಮ್ಮ ಮನೆಯಲ್ಲಿ ಅಷ್ಟು ಓದಿದವಳು ನಾನೊಬ್ಬಳೇ. ಅವ್ವ ಮಾತ್ರ, "ಇಷ್ಟೆಲ್ಲಾ ಓದಿ ಮಂದಿ ಕೈಕಾಲು ಒತ್ತೂದೇನು?" ಎಂದು ರೊಟ್ಟಿ ಬಡಿಯುತ್ತಲೇ ಕೆಣಕುತ್ತಿದ್ದಳು. ಮೇಡಂಗೆ ಅದನ್ನು ಹೇಳಿದರೆ ಬಿದ್ದು ಬಿದ್ದು ನಕ್ಕಿದ್ದರು.

ಬೋಣಿಯ ದಿನ ಬಂತು. ಮೇಡಂ ನೆಟ್ಟಗೆ ಕೂತು, ಮೊಣಕೈ ಮಡಿಸಿ, ಹಿಡಿಯನ್ನು ಹಿಸುಕಿದರು. ಮುಳ್ಳು ಎದ್ದಿತು. ಎಂದಿನ ಜಾಗಕ್ಕೆ ಬಹಳ ಮೊದಲೇ ನಿಂತಿತು.

"ಏ, ಇದಕ್ಕೇನಾತು?" ಎಂದೆ. ಜೊತೆಗಿದ್ದ ಗೆಳತಿ ತೆಲುಗಿನಲ್ಲಿ ಯಂತ್ರಕ್ಕೆ ಹಿಡಿಶಾಪ ಹಾಕಿದಳು. ಮೇಡಂ ಮತ್ತೊಮ್ಮೆ ಹಿಸುಕಿದರು. ಈ ಸಲ ಇನ್ನೂ ಸ್ವಲ್ಪ ಕೆಳಗೆ. ನಾವಿಬ್ಬರೂ ಮುಳ್ಳನ್ನೇ ನೋಡುತ್ತಿದ್ದೆವು. ಅವರು ಮಾತ್ರ ಮುಳ್ಳನ್ನು ನೋಡದೆ ತಮ್ಮ ಕೈಯನ್ನು ತಿರುವಿ ನೋಡಿ, ಸೆರಗಿಗೆ ಒರೆಸಿಕೊಂಡರು.

"ಮಿಷೀನ್ ಕೆಟ್ಟೈತಿ ಮೇಡಂ. ರಿಪೇರಿಗೆ ಕಳಸೋಣೇನ್ರಿ?"

ಅವರು ಯಂತ್ರವನ್ನು ನನ್ನತ್ತ ಸರಿಸಿ, "ಹೂಂ, ಕಳಸು," ಎಂದರು.

ಯಂತ್ರ ಮಾರಿದ ಅಂಗಡಿಯವರು ತೂಕ ನೇತುಹಾಕಿ ನೋಡಿ, ಏನೂ ದೋಷವಿಲ್ಲ ಎಂದು ಫೋನು ಮಾಡಿದರು. ಸೋಮಾರಿಗಳು, ಡಬ್ಬಿ ಸಹ ಬಿಚ್ಚಿರಲಿಕ್ಕಿಲ್ಲ ಎಂದು ಬೈದು ಇನ್ನೊಮ್ಮೆ ಕಳಿಸಿದೆವು. ಅದೇ ಉತ್ತರ. ಮೂಳೆ ವಿಭಾಗದಿಂದ ಬೇರೆ ಯಂತ್ರವನ್ನು ಕಾಡಿ ಬೇಡಿ ತಂದೆ. ಮೇಡಂ ಹಿಸುಕಿದರು. ಮುಳ್ಳು ಅಲ್ಲೇ ನಿಂತಿತು. "ಇದೂ ಹಾಳು," ಎಂದಳು ಗೆಳತಿ. ಎರಡು ಯಂತ್ರಗಳು ಒಂದೇ ಅಳತೆಯಲ್ಲಿ ಹೇಗೆ ಕೆಡುತ್ತವೆ ಎಂದು ವಿಜ್ಞಾನ ಓದಿದ ನಾವ್ಯಾರೂ ಕೇಳಲಿಲ್ಲ. ಮೇಡಂ ಕೈ ತಪ್ಪು ಹೇಳಬಹುದು ಎಂಬ ಯೋಚನೆಯೇ ನಮ್ಮ ತಲೆಗೆ ಬರುವಂತಿರಲಿಲ್ಲ.

ತಮ್ಮ ಹಿಡಿತದ ಪರೀಕ್ಷೆ ಯಾವಾಗ ಶುರು ಎಂದು ಕೇಳಲು ಒಂದು ದಿನ ಕಬಡ್ಡಿ ತಂಡದ ನಾಯಕಿ ಬಂದಳು. ಸುಮ್ಮನಿರಲಾಗದ ಹುಡುಗಿ. ಮಾತಾಡುತ್ತಲೇ ಮೇಜಿನ ಮೇಲಿದ್ದ ಯಂತ್ರವನ್ನೆತ್ತಿ ಹಿಸುಕಿದಳು. ಮುಳ್ಳು ಸರ್ರನೆ ಮೇಲೇರಿತು. "ಅಕ್ಕಾ, ಮಿಷೀನ್ ತೋ ಬರಾಬರ್ ಹೈ!" ಯಂತ್ರ ಸರಿಯಾಗಿಯೇ ಇದೆಯಲ್ಲ ಎಂದು ನಕ್ಕಳು. ನಾನು ಕಸಿದುಕೊಂಡು ಹಿಸುಕಿದೆ. ನನ್ನ ಮುಳ್ಳು ಯಾವಾಗಲೂ ನಿಲ್ಲುವಲ್ಲೇ ನಿಂತಿತು. ಯಂತ್ರವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದೆ. ನನಗೆ ಹೆದರಿಕೆಯಾಯಿತು.

ಆಮೇಲೆ ಬೇಡವೆಂದರೂ ಒಂದೊಂದೇ ಕಣ್ಣಿಗೆ ಬೀಳತೊಡಗಿತು. ಮೇಡಂ ಚಹಾದ ಕಪ್ಪು ಎಡಗೈಗೆ ಹೋಗಿತ್ತು. ಬೋರ್ಡಿನ ಮೇಲೆ ಬರೆಯುವ ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕೀಳುತ್ತಿದ್ದರು. ಕಪಾಟಿನ ಕೀಲಿಯನ್ನು, "ನೀನs ತಗಿಯವಾ," ಎಂದು ನನ್ನ ಕೈಗೆ ಕೊಡುತ್ತಿದ್ದರು. ಮುಟ್ಟಿ ತೋರಿಸದೆ ಪಾಠ ಮಾಡದ ಹೆಂಗಸು, ಈಗ ಕೈಕಟ್ಟಿ ನಿಂತು ಬಾಯಲ್ಲೇ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಏನೆಂದು ಕೇಳುವುದು? ನಿಮ್ಮ ಕೈಗೇನಾಗಿದೆ ಎಂದು ಅವರನ್ನು ಕೇಳುವಷ್ಟು ದೊಡ್ಡವಳು ನಾನಾಗಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಹೆಜ್ಜೆ ಸಪ್ಪಳದ ತರಗತಿ ಇತ್ತು. ಕಿರಿಯರ ಜೊತೆ ನಾವೂ ಕೂತಿದ್ದೆವು. "ರೋಗಿಯನ್ನು ಕರೆದು ತರುತ್ತೇನೆ, ಕಣ್ಣು ಮುಚ್ಚಿಕೊಂಡಿರಿ," ಎಂದು ಹೇಳಿ ಮೇಡಂ ಹೊರಗೆ ಹೋದರು. ಫ್ಯಾನಿನ ಸದ್ದು ಬಿಟ್ಟರೆ ಬೇರೇನಿಲ್ಲ. ವರಾಂಡದ ಆ ತುದಿಯಿಂದ ಹೆಜ್ಜೆ ಶುರುವಾಯಿತು. ಎಡಗಾಲು ಸರಿಯಾಗಿ ಹಿಮ್ಮಡಿಯಿಂದ ಬೆರಳಿಗೆ ಬರುತ್ತಿತ್ತು. ಬಲಗಾಲಿಗೆ ಆ ನಿಧಾನವಿಲ್ಲ, ಪಾದ ಚಪ್ಪೆಂದು ನೆಲಕ್ಕೆ ಬಡಿಯುತ್ತಿತ್ತು. ಮೆಲ್ಲಗೆ, ಚಪ್. ಮೆಲ್ಲಗೆ, ಚಪ್. ಇಷ್ಟು ಸುಲಭದ್ದನ್ನು ಕಿರಿಯರು ಹೇಳುವ ಮೊದಲೇ ಹೇಳಿಬಿಡಬೇಕೆಂಬ ಉಮೇದು ನನಗೆ.

"ಬಲಗಾಲು!" ಎಂದು ಕೂಗಿದೆ. "ಮುಂಗಾಲು ಎತ್ತೋ ಸ್ನಾಯು ಸೋತೈತಿ. ಪಾದ ಜೋತು ಬಿದ್ದೈತಿ."

ಹೆಜ್ಜೆ ಬಾಗಿಲಲ್ಲಿ ನಿಂತಿತು. ಕಣ್ಣು ತೆರೆದೆ. ಬಾಗಿಲಲ್ಲಿ ಮೇಡಂ ಇದ್ದರು. ಅವರ ಹಿಂದೆ ಯಾರೂ ಇರಲಿಲ್ಲ. ಆ ದಿನದ ರೋಗಿ ಬಂದಿರಲಿಲ್ಲವಂತೆ.

"ಉತ್ತರ ಬರೋಬರಿ ಐತಿ," ಎಂದರು ಮೇಡಂ. ದನಿ ಎಂದಿನಂತೆಯೇ ಇತ್ತು. "ಮುಂದ ಏನು ನೋಡತಿ? ಬಾ, ನೋಡು."

ಅವರು ಪರೀಕ್ಷೆಯ ಮಂಚದ ಮೇಲೆ ಕೂತರು. "ಬಾ ಅಂದೆ," ಎಂದು ಗದರಿದ ಮೇಲೆ ಹೋದೆ. ಮೊಣಕಾಲಿಗೆ ಸುತ್ತಿಗೆ ತಾಗಿಸಿದೆ, ಪಾದವನ್ನು ಒತ್ತಿ ನೋಡಿದೆ, ಕಂಡದ್ದನ್ನು ಗಟ್ಟಿಯಾಗಿ ಹೇಳಿದೆ. ಕೊನೆಗೆ ಅವರು ಬಲಗೈಯನ್ನು ಮುಂದೆ ಚಾಚಿದರು. ಹೆಬ್ಬೆರಳಿನ ಪಕ್ಕ ನಿಂಬೆಹಣ್ಣು ಏಳುತ್ತಿದ್ದ ಜಾಗದಲ್ಲಿ ಗುಳಿ ಬಿದ್ದಿತ್ತು. ಆ ಗುಳಿಯ ಚರ್ಮದಡಿ ಏನೋ ಪಟಪಟ ಮಿಡಿಯುತ್ತಿತ್ತು, ಅನ್ನ ಕುದಿಯುವಾಗ ಏಳುವ ಸಣ್ಣ ಗುಳ್ಳೆಗಳ ಹಾಗೆ. ಅದರ ಅರ್ಥ ನಮ್ಮ ಪುಸ್ತಕದಲ್ಲಿತ್ತು. ಸ್ನಾಯುಗಳಿಗೆ ಹೋಗುವ ನರಗಳು ಒಂದೊಂದಾಗಿ ಆರಿಹೋಗುವ ಕಾಯಿಲೆ. ಕೈ, ಕಾಲು, ಆಮೇಲೆ ಮಾತು, ನುಂಗುವುದು, ಕೊನೆಗೆ ಉಸಿರು. ವಾಸಿ ಮಾಡುವ ಮದ್ದಿಲ್ಲ.

ಎಲ್ಲರನ್ನೂ ಸಾಲಾಗಿ ಕರೆದು ಮುಟ್ಟಿಸಿದರು. ಕಿರಿಯ ಹುಡುಗಿಯೊಬ್ಬಳು ಅಳತೊಡಗಿದಾಗ, "ನಾಳೆ ಪೇಷಂಟ್ ಮುಂದ ಹಿಂಥಾ ಮಾರಿ ಮಾಡಬ್ಯಾಡ್ರಿ. ಅವರು ಅಲ್ಲೇ ಅರ್ಧ ಸತ್ತು ಹೋಗತಾರ," ಎಂದು ನನ್ನತ್ತ ತಿರುಗಿ ಹೇಳಿ, "ಇವಳಿಗೆ ತೆಲುಗಿನೊಳಗ ಹೇಳು," ಎಂದರು. ನಾನು ಹೇಗೆ ಹೇಳಿದೆನೋ.

ಎಲ್ಲರೂ ಹೋದ ಮೇಲೆ ಕೇಳಿದೆ. "ನಿಮಗ ಯಾವಾಗ ಗೊತ್ತಾತ್ರಿ?"

"ಮಿಷೀನ್ ಮೊದಲನೇ ಸಲ ರಿಪೇರಿಗೆ ಹೋತಲ್ಲ, ಆವಾಗs ತಪಾಸಣಿ ಮಾಡಿಸಿದ್ದೆ."

"ಮತ್ತ ಎರಡನೇ ಸಲ ಯಾಕ ಕಳಸಾಕ ಬಿಟ್ರಿ?"

ಅವರು ಎಡಗೈಯಿಂದ ಬಲಗೈಯನ್ನೆತ್ತಿ ಮಡಿಲಲ್ಲಿಟ್ಟುಕೊಂಡರು. "ನೀವೆಲ್ಲಾ ಸೇರಿ ಮಿಷೀನ್ ಕೆಟ್ಟೈತಿ ಅಂದ್ರಿ. ಅಷ್ಟು ಗಟ್ಟಿ ನಂಬಿಕಿ ಮುಂದ ಡಾಕ್ಟರ್ ಮಾತು ಏನು ದೊಡ್ಡದು ಅನಿಸ್ತು. ಅದು ವಾಪಸ್ ಬರೋ ತನಕ ನಾನೂ ಚೊಲೊ ಇದ್ದೆ ನೋಡವಾ."

ನಾನು ಅವರ ಮಡಿಲ ಮೇಲಿದ್ದ ಆ ಕೈಯನ್ನು ಹಿಡಿದುಕೊಂಡು ಅತ್ತೆ. ಅವರು ಅಳಲಿಲ್ಲ. "ಬೋಣಿ ಮಾತ್ರ ತಪ್ಪಸಬ್ಯಾಡ," ಎಂದರು. "ನಿನ್ನ ಕೆಲಸ ಮುಗಿಯೋ ತನಕ ನಂದs."

ಬೇಡವೆಂದು ಕಾಲು ಹಿಡಿದೆ. ಕೇಳುವ ಪೈಕಿಯೇ ಅಲ್ಲ. ಕಬಡ್ಡಿ ಅಂಕಣಕ್ಕೆ ಮೊದಮೊದಲು ಆಟೋದಲ್ಲಿ ಬಂದರು, ಕೋಲೂರಿ ಬಂದರು, ಆಮೇಲೆ ಗಾಲಿಕುರ್ಚಿಯಲ್ಲಿ ನಾವೇ ತಳ್ಳಿಕೊಂಡು ಬಂದೆವು. ಪ್ರತಿ ಸಲವೂ ಹುಡುಗಿಯರಿಗಿಂತ ಮೊದಲು ಅವರು ಹಿಸುಕುವರು, ಪ್ರತಿ ಸಲವೂ ಮುಳ್ಳು ಹಿಂದಿನ ಜಾಗಕ್ಕಿಂತ ಕೆಳಗೆ ನಿಲ್ಲುವುದು. ಅದನ್ನು ಓದಿ ಹೇಳುವುದು ನನ್ನ ಕೆಲಸ. ಅಷ್ಟೊಂದು ಗಲಾಟೆ ಮಾಡುವ ಹುಡುಗಿಯರು ಆ ಹೊತ್ತಿಗೆ ನೆಲ ನೋಡುತ್ತ ನಿಲ್ಲುತ್ತಿದ್ದರು. ಒಂದು ದಿನ ತಂಡದ ನಾಯಕಿಗೆ ತಡೆಯಲಾಗಲಿಲ್ಲ. ಮಂಡಿಯೂರಿ ಕೂತು, ಮೇಡಂ ಬೆರಳುಗಳ ಮೇಲೆ ತನ್ನ ಬೆರಳುಗಳನ್ನಿಟ್ಟು ಮೆಲ್ಲಗೆ ಒತ್ತಿದಳು. ಮುಳ್ಳು ಏರಿತು.

"ಛೋಡ್!" ಎಂದು ಕೂಗಿದರು ಮೇಡಂ. "ಮಿಷೀನ್ ಸೆ ಝೂಟ್ ನಕ್ಕೋ ಬೋಲೋ, ಬೇಟಾ." ಯಂತ್ರಕ್ಕೆ ಸುಳ್ಳು ಹೇಳಬೇಡ ಎಂದು ಅವರು ಗದರುವಾಗ ನಾಲಿಗೆ ತೊಡರುತ್ತಿತ್ತು. ಮಾತಿಗೂ ಬಂತೆಂದು ನನಗೆ ಆ ದಿನ ತಿಳಿಯಿತು.

ನನ್ನ ಸಂಶೋಧನೆ ಮುಗಿಯಿತು. ಭುಜ ನೋಯುವ ಹುಡುಗಿಯರ ಹಿಡಿತ ಅಭ್ಯಾಸದ ಕೊನೆಗೆ ಬೇಗ ಸೋಲುತ್ತಿತ್ತು ಎಂಬುದು ಕಂಡಿತು. ತರಬೇತುದಾರರು ದಿನದ ಅಭ್ಯಾಸದಲ್ಲಿ ಕಾಲು ಹಿಡಿಯುವ ಪಟ್ಟುಗಳನ್ನು ಕೊನೆಯಿಂದ ಮೊದಲಿಗೆ ತಂದರು. ಈ ಸುದ್ದಿ ಹೇಳಲು, ಪೆಟ್ಟಿಗೆಯಲ್ಲಿದ್ದ ಯಂತ್ರವನ್ನು ಕಾಲೇಜಿಗೆ ಹಿಂತಿರುಗಿಸುವ ಮೊದಲು ಅದನ್ನೂ ಹಿಡಿದುಕೊಂಡು, ಮಣಿಕೊಂಡದಲ್ಲಿದ್ದ ಅವರ ತಂಗಿಯ ಮನೆಗೆ ಹೋದೆ. ಎತ್ತರದ ಮಹಡಿ, ಕಿಟಕಿಯ ತುಂಬ ಆಫೀಸುಗಳ ಗಾಜು. ಮೇಡಂ ಒರಗು ಕುರ್ಚಿಯಲ್ಲಿದ್ದರು. ಮೂಗಿನ ಮೇಲಿನ ಉಸಿರಿನ ಮುಖವಾಡವನ್ನು ತಂಗಿ ಆಗಾಗ ಸರಿಪಡಿಸುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಣ್ಣಲ್ಲೇ ಪೆಟ್ಟಿಗೆ ತೋರಿಸಿದರು.

ಅರ್ಥವಾಯಿತು. ಯಂತ್ರ ತೆಗೆದು, ಹಿಡಿಯನ್ನು ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಸುತ್ತಿಸಿದೆ. ಭಾರಕ್ಕೆ ಬೀಳದಂತೆ ಕೆಳಗಿನಿಂದ ಮಾತ್ರ ಆತುಕೊಂಡೆ. ಅವರ ಹಣೆಯ ಮೇಲೆ ಬೆವರು ಬಂತು, ಕತ್ತಿನ ನರ ಉಬ್ಬಿತು. ಮುಳ್ಳು ಅಲುಗಲಿಲ್ಲ. ಅವರು ಮುಳ್ಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ತುಟಿ ಅಲ್ಲಾಡಿಸಿದರು. ತಂಗಿ ಮುಖವಾಡ ಎತ್ತಿದ ಮೇಲೆ, ನಾನು ಕಿವಿಯನ್ನು ಹತ್ತಿರಕ್ಕೆ ಒಯ್ದ ಮೇಲೆ, ಮಾತು ಗೊತ್ತಾಯಿತು.

"ಮಿಷೀನ್... ಚೊಲೊ ಐತಿ."

ನಾನು ಅವರಿಂದ ಕೇಳಿದ ಕೊನೆಯ ಮಾತು ಅದು. ಮುಂದಿನ ದಸರೆಯ ಹೊತ್ತಿಗೆ ಅವರಿರಲಿಲ್ಲ.

ಈಗ ನಾನೂ ಪಾಠ ಮಾಡುತ್ತೇನೆ. ರೋಗಿಯ ಮುಂದೆ ಮುಖ ಬಾಡಿಸದಿರುವುದು, ಕಿವಿಯನ್ನು ನಂಬುವುದು, ಕಂಡದ್ದನ್ನು ಕಂಡಂತೆ ಹೇಳುವುದು, ನನ್ನಲ್ಲಿರುವ ವಿದ್ಯೆಯೆಲ್ಲ ಅವರದೇ. ಬೋಣಿಯೂ ನನ್ನ ಪಾಲಿಗೆ ಬಂದಿದೆ. ಹೊಸ ಹುಡುಗ ಹುಡುಗಿಯರು ಸಂಶೋಧನೆಗೆ ಇಳಿದಾಗ ಮೊದಲು ಯಂತ್ರ ಹಿಸುಕುವವಳು ನಾನು. ಕೆಲವು ದಿನ, ನಿದ್ದೆಗೆಟ್ಟೋ ಕೈ ಸೋತೋ, ಮುಳ್ಳು ಒಂದಿಷ್ಟು ಕೆಳಗೆ ನಿಲ್ಲುತ್ತದೆ. "ಮಿಷೀನ್ ಕೆಟ್ಟಿದೆ ಮೇಡಂ," ಎಂದು ಅವರು ನಗುತ್ತಾರೆ. ನಾನೂ ನಗುತ್ತೇನೆ. ನಗುತ್ತಲೇ, ಮೇಜಿನ ಕೆಳಗೆ, ಎಡಗೈಯಿಂದ ಬಲಗೈಯ ಹೆಬ್ಬೆರಳಿನ ಪಕ್ಕವನ್ನು ಒತ್ತಿ ನೋಡಿಕೊಳ್ಳುತ್ತೇನೆ.